ಸೀಟಿಗೆ ಏನಾದ್ರೂ ಉಪಯೋಗ ಆಗುತ್ತಾ ಸಾರ್?

"ಇವ್ನೀಗ ಏಳನೇ ಕ್ಲಾಸು ಸಾರ್, ಫೌಂಡೇಶನ್ ಕೋಚಿಂಗಿಗೆ ಸೇರಿಸ್ಬೇಕು. ಮೃದಂಗ ಕಲಿತ್ರೆ ಮುಂದೆ ಸೀಟಿಗೆ ಏನಾದ್ರೂ ಉಪಯೋಗ ಆಗುತ್ತಾ?"

ಹಾಸನದ ತಾಯಿಯೊಬ್ಬರು ಈ ವಾರ ಕೇಳಿದ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ಅವರು ಕೇಳುವಾಗ ಹುಡುಗ ಮೃದಂಗದ ಎಡಭಾಗಕ್ಕೆ ರವೆ ಮೆತ್ತುತ್ತಿದ್ದ. ನೀರು ಜಾಸ್ತಿಯಾಗಿ ಜಾರಿತು. ಇನ್ನಷ್ಟು ರವೆ ಸೇರಿಸಿ ನಾದಿ, ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ ನಡುವೆ ಒತ್ತಿದ. ತಟ್ಟಿ ನೋಡಿದ, ಸ್ವಲ್ಪ ಕೆರೆದ, ಮತ್ತೆ ತಟ್ಟಿದ. "ರವೆ ಜಾಸ್ತಿ ಆದ್ರೆ ಶಬ್ದ ಯಾಕೆ ತಗ್ಗುತ್ತೆ ಸಾರ್?" ಚರ್ಮದ ಭಾರ ಹೆಚ್ಚಿದಷ್ಟೂ ಅದು ನಿಧಾನವಾಗಿ ಕಂಪಿಸುತ್ತದೆ, ಅದಕ್ಕೆ. 'ತ ದಿ ತೊಂ ನಂ' ಎನ್ನುವ ಮೊದಲ ಪಾಠದಲ್ಲೇ ಅವನ ಕೈ ಇನ್ನೂ ತಡವರಿಸುತ್ತದೆ, ದೊಡ್ಡ ವಿದ್ವಾಂಸ ಆಗಲಿಕ್ಕಿಲ್ಲ. ಆದರೆ ಶಬ್ದದ ಹುಚ್ಚು ಹಿಡಿದಿದೆ.

ತಾಯಿಯ ಪ್ರಶ್ನೆಗೆ ನೇರ ಉತ್ತರ, ಇಲ್ಲ. ನಮ್ಮಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿ ಅಂಕ ಅರ್ಧ. ಮೆಡಿಕಲ್ಲಿಗೆ ನೀಟ್; ಅದರ ಪಠ್ಯ 11 ಮತ್ತು 12ನೇ ತರಗತಿಯದು. ಮೃದಂಗದ ಅಂಕ ಯಾವುದಕ್ಕೂ ಸೇರುವುದಿಲ್ಲ. ಅದಕ್ಕೇ ಆರರಿಂದ ಎಂಟನೇ ಕ್ಲಾಸಿನವರೆಗೆ ಮಕ್ಕಳು ಲಾಭದ ಲೆಕ್ಕವಿಲ್ಲದೆ ನಾಲ್ಕಾರು ಕಡೆ ಕೈಯಾಡಿಸಲಿ ಎಂದು ನಾನು ಹೇಳುವುದು. ಆ ತಾಯಿ ಒಳ್ಳೆಯವರೇ, ಹೆದರಿದ್ದಾರೆ ಅಷ್ಟೆ. ಹನ್ನೆರಡು ವರ್ಷದ ಮಗುವಿಗೆ ಡಾಕ್ಟರ್ ಕೋಟು ಹಾಕಿಸಿ ಪಾಂಪ್ಲೆಟ್ ಹಂಚುವ ಕೋಚಿಂಗಿನವರ ಮೇಲೆ ನನ್ನ ಸಿಟ್ಟು.

ಒಂದು ಸಲಕ್ಕೆ ಎರಡೇ ಸಾಕು: ಮೈ ಬೆವರುವಂಥದ್ದೊಂದು, ಕೈಗೆ ಕೆಲಸ ಕೊಡುವಂಥದ್ದೊಂದು. ಕಬಡ್ಡಿ ಮತ್ತು ಜೇಡಿಮಣ್ಣು, ಈಜು ಮತ್ತು ವಾದ್ಯ, ಹೀಗೆ. ಮೂರು ತಿಂಗಳು ಬಿಡುವಂತಿಲ್ಲ ಅಂತ ಮೊದಲೇ ಮಾತಾಗಲಿ. ಮೂರ್ನಾಲ್ಕು ವಾರಕ್ಕೆ ಹೊಸತನ ಹೋಗಿ ಬೆರಳು ನೋಯತೊಡಗುತ್ತದೆ. ಬಹಳ ಮಕ್ಕಳು "ಬೇಡ" ಅನ್ನುವುದು ಆಗಲೇ. ಆಸಕ್ತಿ ಸತ್ತಿರುವುದಿಲ್ಲ, ಕಷ್ಟ ಶುರುವಾಗಿರುತ್ತದೆ. ಮೂರು ತಿಂಗಳಾದ ಮೇಲೂ ಬೇಡವೆಂದರೆ ಬೈಯದೆ ಬಿಡಿಸಿ. ಅಲ್ಲಿಯವರೆಗೆ ವಾದ್ಯ, ಬ್ಯಾಟು ಕೊಳ್ಳಬೇಡಿ, ಎರವಲು ತನ್ನಿ. ದುಡ್ಡು ಸುರಿದ ಮೇಲೆ ಬಿಡಿಸಲು ನಿಮಗೇ ಮನಸ್ಸು ಬರುವುದಿಲ್ಲ, ಮಗುವಿಗೆ ಅದೇ ಹೊರೆ. ಒಂದು ಭಾನುವಾರ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೆ ಕರೆದುಕೊಂಡು ಹೋಗಿ. ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು, ತಂಬೂರಿ ಆಕಾರದ ಗುಡಿಯಿದೆ. ಖರ್ಚು ಬಸ್ ಚಾರ್ಜಷ್ಟೇ.

ಬಹುಮಾನ, ಸರ್ಟಿಫಿಕೇಟು ನೋಡಬೇಡಿ. ಯಾರೂ ಹೇಳದಿದ್ದಾಗ ಮಗು ಯಾವುದನ್ನು ಕೈಗೆತ್ತಿಕೊಳ್ಳುತ್ತದೆ, ಏನು ಪ್ರಶ್ನೆ ಕೇಳುತ್ತದೆ, ಅದನ್ನು ಗಮನಿಸಿ. ಒಂಬತ್ತನೇ ಕ್ಲಾಸಿಗೆ ಬಂದಾಗ ಒಂದನ್ನು ಉಳಿಸಿಕೊಳ್ಳಲಿ, ವಾರಕ್ಕೆ ಎರಡು ಗಂಟೆ ಸಾಕು. ಯಾವುದು ಅಂತ ಮಗುವೇ ಹೇಳಲಿ.