ಸೆಕೆಂಡ್ ಲೆಕ್ಕ ಆಮೇಲೆ, ಮೊದಲು ಬೆಳಕಿನ ದಿಕ್ಕು

ರಾತ್ರಿ ತೆಗೆದ ಕಟ್ಟಡದ ಫೋಟೋ ತೋರಿಸಿದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಶಟರ್ ಎಷ್ಟು ಸೆಕೆಂಡ್ ಇಟ್ಟಿರಿ? ದುರಸ್ತಿಯಾದ ಸ್ಮಾರಕಗಳ ಫೋಟೋ ದಾಖಲೆ ಮಾಡುವುದು ನನ್ನ ಕೆಲಸ. ಸೆಕೆಂಡಿನ ಲೆಕ್ಕ ಎರಡು ಸಲ ತೆಗೆದು ನೋಡಿದರೆ ಗೊತ್ತಾಗುತ್ತದೆ. ಬೆಳಕು ಗೋಡೆಗೆ ಯಾವ ಕಡೆಯಿಂದ ಬೀಳುತ್ತಿದೆ ಅನ್ನುವುದನ್ನು ಮಾತ್ರ ಹಗಲಲ್ಲೇ ಹೋಗಿ, ಸುತ್ತಾಡಿ, ತೀರ್ಮಾನ ಮಾಡಿಕೊಳ್ಳಬೇಕು.

ನಮ್ಮ ಕಲಬುರಗಿಯ ಹಫ್ತ್ ಗುಂಬಜ್ ತೆಗೆದುಕೊಳ್ಳಿ, ಬಹಮನಿ ಸುಲ್ತಾನರ ಗೋರಿಗಳ ಗುಂಪು ಅದು. ಅಲ್ಲಿ ಎಲ್ಲಕ್ಕಿಂತ ದೊಡ್ಡದು ಫಿರೋಜ್ ಷಾ ಬಹಮನಿಯ ಗೋರಿ. ಅವನು ತೀರಿಕೊಂಡಿದ್ದು 1422ರಲ್ಲಿ. ಒಳಗೆ ಎರಡು ಕೋಣೆ, ಮೇಲೆ ಎರಡು ಗುಮ್ಮಟ, ಹೊರಗೋಡೆಯಲ್ಲಿ ಕೆಳಗೊಂದು ಮೇಲೊಂದು ಸಾಲು ಕಮಾನು ಗೂಡುಗಳು. ಕ್ಯಾಮೆರಾ ಹಿಂದಿನಿಂದ ನೇರ ಬೆಳಕು ಬಿಟ್ಟರೆ ಆ ಗೂಡುಗಳ ಆಳವೇ ಮಾಯ. ಗೋಡೆ ಬರೀ ಚಪ್ಪಟೆ ಕಾಣುತ್ತದೆ. ಅದೇ ಬೆಳಕು ಪಕ್ಕದಿಂದ ಬಂದರೆ ಪ್ರತಿ ಕಮಾನಿನ ಒಂದು ಬದಿಗೆ ನೆರಳು ಕೂರುತ್ತದೆ, ಕಟ್ಟಡ ಎದ್ದು ನಿಲ್ಲುತ್ತದೆ.

ಬೇಕಾದ ಕಡೆ ದೀಪ ಇಲ್ಲದಿದ್ದರೆ ನಾನು ಟಾರ್ಚ್ ಹಿಡಿಯುತ್ತೇನೆ. ಶಟರ್ 30 ಸೆಕೆಂಡ್ ತೆರೆದಿಟ್ಟು, ಕಪ್ಪು ಅಂಗಿ ಹಾಕಿಕೊಂಡು, ಗೋಡೆ ಪಕ್ಕ ನಿಂತು ಟಾರ್ಚನ್ನು ಒಂದೇ ಸಮ ಆಡಿಸುತ್ತಿರಬೇಕು. ಒಂದೇ ಕಡೆ ನಿಲ್ಲಿಸಿದರೆ ಅಲ್ಲಿ ಬಿಳಿ ಕಲೆ ಉಳಿಯುತ್ತದೆ. ಟಾರ್ಚಿನ ಮುಖ ಕ್ಯಾಮೆರಾ ಕಡೆ ತಿರುಗಬಾರದು. ಇಷ್ಟು ಪಾಲಿಸಿದರೆ ನೀವು ಫೋಟೋದಲ್ಲಿ ಕಾಣುವುದೇ ಇಲ್ಲ.

ಒಂದು ಸಂಜೆ ಸುಣ್ಣದ ಗಾರೆ ಹಚ್ಚಿದ ಗೌಂಡಿಯೇ ಪಕ್ಕದಲ್ಲಿ ನಿಂತಿದ್ದರು. ಟಾರ್ಚ್ ಗೋಡೆಗೆ ಒರಗಿಸಿದ ಹಾಗೆ ಹಿಡಿದಾಗ ಹಳೆ ಗಾರೆ ಮತ್ತು ಹೊಸ ಗಾರೆ ಸೇರುವ ಗೆರೆ ಉಗುರಿನಷ್ಟು ಏಣಾಗಿ ಎದ್ದು ಕಂಡಿತು. ಅದರ ಆಚೆ ಕರಣೆ ಎಳೆದ ಅರ್ಧಚಂದ್ರದ ಗುರುತುಗಳು. ಅವರು ಸ್ಕ್ರೀನ್ ಮೇಲೆ ಬೆರಳಿಟ್ಟು, "ಇದು ನನ್ನ ಕೈ ರೀ ಸರ" ಅಂದರು. ಹೊಸದು ಬೆಳ್ಳಗಿದೆಯಲ್ಲ ಅಂತ ಕೇಳಿದೆ. "ಎರಡ್ ಮಳಿಗಾಲ ಹೋಗ್ಲಿ, ತಾನೇ ಹೊಂದ್ಕೋತದ" ಅಂದರು.

ಹಾಗಾಗಿ ಒಂದೇ ಜಾಗದಿಂದ ಎರಡು ಫೋಟೋ ತೆಗೆಯಲೇಬೇಕು ಅನ್ನುತ್ತೇನೆ. ಒಂದು ಮೆದು ಬೆಳಕಿನದು, ಜನ ನೋಡಲಿಕ್ಕೆ. ಇನ್ನೊಂದು ಓರೆ ಬೆಳಕಿನದು, ಎಂಜಿನಿಯರ್‌ಗೆ. ಚೆಂದ ಕಾಣಲಿ ಅಂತ ಆ ಗೆರೆಯನ್ನು ಎಡಿಟಿಂಗ್‌ನಲ್ಲಿ ಅಳಿಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಯಿತು ಅನ್ನುವುದು ಆ ಕಟ್ಟಡದ ಚರಿತ್ರೆಯೇ, ಅಲ್ವಾ?

ಬಣ್ಣದ ವಿಷಯಕ್ಕೆ ಬಂದರೆ, ಹಳದಿ ಸೋಡಿಯಂ ದೀಪ ದೊಡ್ಡ ತೊಂದರೆ. ಅದರ ಬೆಳಕಿನಲ್ಲಿ ಹಲವು ಬಣ್ಣಗಳು ಇರುವುದೇ ಕಮ್ಮಿ. ಕ್ಯಾಮೆರಾದಲ್ಲಿ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಎಷ್ಟು ತಿರುಗಿಸಿದರೂ ಸುಣ್ಣದ ನಿಜವಾದ ಬಿಳುಪು ಬರುವುದಿಲ್ಲ. ಅದರ ಜೊತೆ ಎಲ್‌ಇಡಿಯೂ ಬಿದ್ದರೆ ಗೋಡೆ ಎರಡು ಬಣ್ಣ. ಆಗ ಕಾವಲುಗಾರರನ್ನೇ ಕೇಳುವುದು. "ಲೈಟ್ ಬಂದ್ ಮಾಡ್ಬೇಕೇನ್ರಿ?" ಅಂತ ಕಾಕಾ ಖುಷಿಯಿಂದಲೇ ಹೋಗಿ ಸ್ವಿಚ್ ಆರಿಸುತ್ತಾರೆ.

ಆಕಾಶ ಕಡುನೀಲಿಯಾಗಿ, ದೀಪದ ಬೆಳಕಿಗೆ ಸರಿಸಮ ಬರುವ ಹೊತ್ತು ತುಂಬಾ ಚಿಕ್ಕದು. ಸೂರ್ಯ ಮುಳುಗಿ ಸುಮಾರು 15 ನಿಮಿಷಕ್ಕೆ ಶುರು, ಅರ್ಧ ಗಂಟೆಯೊಳಗೆ ಮುಗಿಯಿತು. ನಾನು ಐಎಸ್‌ಒ (ಬೆಳಕು ಹಿಡಿಯುವ ಚುರುಕು) 100, ಲೆನ್ಸಿನ ಕಂಡಿ ಎಫ್ 8 ಇಟ್ಟು, ಕತ್ತಲು ಏರಿದಂತೆ ಸೆಕೆಂಡ್ ಏರಿಸುತ್ತಾ ಹೋಗುತ್ತೇನೆ. ಟ್ರೈಪಾಡ್ ಮೇಲೆ ಲೆನ್ಸಿನ ಸ್ಟೆಬಿಲೈಸೇಶನ್ (ಅಲುಗಾಟ ತಡೆಯುವ ಸೌಲಭ್ಯ) ಆಫ್, ಶಟರ್‌ಗೆ 2 ಸೆಕೆಂಡ್ ಟೈಮರ್.

ಇಲ್ಲಿಯ ಏಪ್ರಿಲ್, ಮೇ ಸೆಕೆ ಗೊತ್ತಲ್ಲ. ಕ್ಯಾಮೆರಾ ಒಳಗೆ ಬೆಳಕು ಹಿಡಿಯುವ ಸೆನ್ಸರ್ ಬಿಸಿಯಾದಷ್ಟೂ, ಶಟರ್ ತುಂಬಾ ಹೊತ್ತು ತೆರೆದಿಡುವ ಲಾಂಗ್ ಎಕ್ಸ್‌ಪೋಷರ್‌ನಲ್ಲಿ ಕೆಂಪು, ನೀಲಿ ಚುಕ್ಕಿ ಜಾಸ್ತಿ. ಈ ಚುಕ್ಕಿ ತೆಗೆಯುವ ಕ್ಯಾಮೆರಾದ ನಾಯ್ಸ್ ರಿಡಕ್ಷನ್ ಹಾಕಿದರೆ 30 ಸೆಕೆಂಡಿನ ಫೋಟೋಗೆ ಇನ್ನೂ 30 ಸೆಕೆಂಡ್ ಕಾಯಬೇಕು. ಆ ನೀಲಿ ಹೊತ್ತಿನಲ್ಲಿ ಅಷ್ಟು ಪುರುಸೊತ್ತು ಎಲ್ಲಿಂದ ತರೋದು? ಅದನ್ನು ಆಫ್ ಇಟ್ಟು, ಕೊನೆಯಲ್ಲಿ ಲೆನ್ಸ್‌ಗೆ ಮುಚ್ಚಳ ಹಾಕಿ ಅದೇ ಸೆಟ್ಟಿಂಗ್‌ನಲ್ಲಿ ಕತ್ತಲ ಫ್ರೇಮ್ ತೆಗೆದುಕೊಂಡರೆ, ಚುಕ್ಕಿಗಳನ್ನು ಕಂಪ್ಯೂಟರ್‌ನಲ್ಲಿ ಕಳೆಯಬಹುದು.

ಇನ್ನೊಂದು ಮಾತು ಹೇಳಲೇಬೇಕು. ಬಹಮನಿಯರ ಮೊದಮೊದಲಿನ ಗೋರಿಗಳ ಗೋಡೆ ನೆಟ್ಟಗಿಲ್ಲ. ದೆಹಲಿಯ ತುಘಲಕ್ ಸುಲ್ತಾನರ ಶೈಲಿಯಲ್ಲಿ ಒಳಮುಖವಾಗಿ ವಾಲಿಸಿಯೇ ಕಟ್ಟಿದ್ದಾರೆ. ಸಾಫ್ಟ್‌ವೇರ್‌ನ ಆಟೋ ಬಟನ್ ಒತ್ತಿದರೆ ಅದು ಗೋಡೆಯನ್ನು ಸುಮ್ನೆ ನೇರ ಮಾಡಿಬಿಡುತ್ತದೆ. 14ನೇ ಶತಮಾನದ ಕಟ್ಟಡದ ಸ್ವಭಾವವೇ ಹೋಯಿತು. ಅದಕ್ಕೆ ಸ್ಪಿರಿಟ್ ಲೆವೆಲ್ ಇಟ್ಟು, ಕ್ಯಾಮೆರಾ ಮೇಲಕ್ಕೆತ್ತದೆ, ದೂರ ಹೋಗಿ ತೆಗೆಯಿರಿ. ಆಗ ಕಾಣುವ ವಾಲು ಗೋಡೆಯದ್ದು, ಲೆನ್ಸಿನದ್ದಲ್ಲ.

ಅನುಮತಿ ಪತ್ರದಲ್ಲಿ ಟ್ರೈಪಾಡ್ ಮತ್ತು ರಾತ್ರಿ ಹೊತ್ತು, ಎರಡನ್ನೂ ಬರೆಸಿಕೊಳ್ಳಿ. ಫೈಲ್ ಒಪ್ಪಿಸುವಾಗ ಟ್ರೈಪಾಡ್ ಇಟ್ಟ ಜಾಗ, ಲೆನ್ಸ್, ಯಾವ ದೀಪ ಉರಿಯುತ್ತಿತ್ತು, ಟಾರ್ಚ್ ಯಾವ ಕಡೆಯಿಂದ ಬಂತು ಅಂತ ಒಂದು ಚೀಟಿ ಸೇರಿಸಿ. ಗೌಂಡಿ ಹೇಳಿದ ಎರಡು ಮಳೆಗಾಲ ಕಳೆದ ಮೇಲೆ ಯಾರೇ ಬಂದರೂ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ತೆಗೆದು, ಗಾರೆ ಹೊಂದಿಕೊಂಡಿದೆಯೋ ಬಿರುಕು ಬಿಟ್ಟಿದೆಯೋ ಹೋಲಿಸಿ ನೋಡಬಹುದು.