ಲಾಜಿಸ್ಟಿಕ್ಸ್ ಡಿಗ್ರಿ ಮಾಡಿದರೆ ಹುಬ್ಬಳ್ಳಿಯಲ್ಲೇ ಕೆಲಸ ಸಿಗುತ್ತದೆಯೇ?

ಪಿಯುಸಿ ಫಲಿತಾಂಶ ಬಂದ ವಾರದಿಂದಲೇ ಈ ಪ್ರಶ್ನೆ ಶುರು: "ಸಪ್ಲೈ ಚೈನ್, ಲಾಜಿಸ್ಟಿಕ್ಸ್ ಅಂತ ಡಿಗ್ರಿ ಬಂದಾವಂತ. ಮಗನ್ನ ಹಚ್ಚಬೇಕೋ ಬ್ಯಾಡೋ? ಮುಂದ ಇಲ್ಲೇ ನೌಕರಿ ಸಿಗತೈತೇನ್ರಿ?"

ಸಿಗುತ್ತದೆ. ಸಪ್ಲೈ ಚೈನ್, ಲಾಜಿಸ್ಟಿಕ್ಸ್ ಅಂದರೆ ಮಾಲನ್ನು ತರಿಸುವ, ಕೂಡಿಡುವ, ಸಾಗಿಸುವ, ಅದರ ಲೆಕ್ಕ ಇಡುವ ಕೆಲಸ. ಲೆಕ್ಕದ ಪುಸ್ತಕದಲ್ಲಿರುವ ಮಾಲಿಗೂ ಗೋದಾಮಿನಲ್ಲಿರುವ ಮಾಲಿಗೂ ತಾಳೆಯಾಗದಿದ್ದಾಗ, ತಪ್ಪು ಎಲ್ಲಾಯಿತು ಎಂದು ಹುಡುಕಿ ತೋರಿಸಬಲ್ಲವರಿಗೆ ಖಂಡಿತ ಸಿಗುತ್ತದೆ. ಡಿಗ್ರಿಯ ಹೆಸರು ನೋಡಿ ಯಾರೂ ಕರೆಯುವುದಿಲ್ಲ.

ಮೊದಲು ಸಾರಿಗೆ. ಪುಣೆ–ಬೆಂಗಳೂರು ಹೆದ್ದಾರಿ ಧಾರವಾಡ, ಹುಬ್ಬಳ್ಳಿ, ಹಾವೇರಿಯನ್ನು ಹಾದೇ ಹೋಗುತ್ತದೆ. 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಶುರುವಾದ ಸಾರಿಗೆ ಕಂಪನಿ ವಿಆರ್‌ಎಲ್ ಇಂದು ಹುಬ್ಬಳ್ಳಿ ಪಕ್ಕದ ವರೂರಿನಿಂದ ನಡೆಯುತ್ತಿದೆ. ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಹೊಸಬರ ಕೈಗೆ ಮೊದಲು ಬರುವುದು ಎಲ್‌ಆರ್ (ಮಾಲು ಒಪ್ಪಿಸಿಕೊಂಡಿದ್ದಕ್ಕೆ ಟ್ರಾನ್ಸ್‌ಪೋರ್ಟಿನವರು ಕೊಡುವ ರಸೀದಿ) ಮತ್ತು ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ಮಾಡುವ ಬಿಲ್). 50,000 ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್ ಬೇಕು. ಪ್ರತಿ 200 ಕಿ.ಮೀ.ಗೆ, ಉಳಿದ ತುಂಡಿಗೂ ಸೇರಿ, ಒಂದೊಂದು ದಿನದ ಅವಧಿ. ಹುಬ್ಬಳ್ಳಿಯಿಂದ ಬೆಂಗಳೂರು ಸುಮಾರು 410 ಕಿ.ಮೀ., ಅಂದರೆ 3 ದಿನ. ಸೋಮವಾರ ಮಾಡಿದ ಬಿಲ್ ಗುರುವಾರ ಮಧ್ಯರಾತ್ರಿವರೆಗೆ ನಡೆಯುತ್ತದೆ. ಎಡವಟ್ಟು ಆಗುವುದು ಅವಧಿಯಲ್ಲಿ ಕಡಿಮೆ, ಗಾಡಿ ನಂಬರಿನಲ್ಲಿ ಹೆಚ್ಚು. ದಾರಿಯಲ್ಲಿ ಲಾರಿ ಕೆಟ್ಟು ಮಾಲನ್ನು ಬೇರೆ ಗಾಡಿಗೆ ಹೊರಿಸುತ್ತಾರೆ, ಬಿಲ್ಲಿನಲ್ಲಿ ಗಾಡಿಯ ವಿವರ ಇರುವ ಪಾರ್ಟ್-ಬಿಯಲ್ಲಿ ಹೊಸ ನಂಬರ್ ಹಾಕಲು ಮರೆಯುತ್ತಾರೆ. ತಪಾಸಣೆಯಲ್ಲಿ ಮಾಲು ಸಿಕ್ಕಿಬಿದ್ದರೆ, ಮಾಲಿನ ಮಾಲಕರೇ ಮುಂದೆ ಬಂದು ಬಿಡಿಸಿಕೊಂಡರೂ ತೆರಿಗೆಯ ಎರಡು ಪಟ್ಟು ದಂಡ. 2 ಲಕ್ಷದ ಮಾಲಿಗೆ ಶೇ. 5ರಂತೆ ತೆರಿಗೆ 10,000 ಇದ್ದರೆ ದಂಡ 20,000. ರಾತ್ರಿ ಹನ್ನೊಂದಕ್ಕೆ ಚಾಲಕ ಫೋನ್ ಮಾಡಿದಾಗ ಇದನ್ನು ಸರಿಮಾಡಬಲ್ಲ ಹುಡುಗನನ್ನು ಯಾವ ಮಾಲಕರೂ ಬಿಟ್ಟುಕೊಡುವುದಿಲ್ಲ.

ನಮ್ಮ ಭಾಗದ ನಿಜವಾದ ಪಾಠಶಾಲೆ ಮಾತ್ರ ಬ್ಯಾಡಗಿ. ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿ ಚೀಲಗಳ ರಾಶಿ. ಸುತ್ತಲೂ ಕೋಲ್ಡ್ ಸ್ಟೋರೇಜ್‌ಗಳು. ಶೇ. 12 ತೇವವಿದ್ದ 100 ಕಿಲೋ ಕಾಯಿ ಶೇ. 10ಕ್ಕೆ ಒಣಗಿದರೆ ಉಳಿಯುವುದು 97.8 ಕಿಲೋ. ಹತ್ತು ಟನ್ನಿಗೆ ಸುಮಾರು 220 ಕಿಲೋ ಕಡಿಮೆ, ಯಾರೂ ಕದ್ದಿಲ್ಲ. ತೂಕದ ಜೊತೆ ತೇವವನ್ನೂ ಬರೆದಿಡದ ಗೋದಾಮಿನಲ್ಲಿ ಈ ಕೊರತೆಗೆ ಹಮಾಲರ ಮೇಲೆ ಸಂಶಯ ಬರುತ್ತದೆ. ಅದು ಅನ್ಯಾಯ. ಕೋಲ್ಡ್ ಸ್ಟೋರೇಜಿನಿಂದ ತಂದ ತಣ್ಣನೆಯ ಚೀಲವನ್ನು ಮಳೆಗಾಲದ ಗಾಳಿಯಲ್ಲಿ ಕೂಡಲೇ ಬಿಚ್ಚಿದರೆ ಇನ್ನೊಂದು ತೊಂದರೆ: ಕಾಯಿ ಬೆವರಿ ಬೂಸು ಹಿಡಿಯುತ್ತದೆ. ಚೀಲ ಹೊರಗಿನ ಬಿಸಿಗೆ ಬಂದ ಮೇಲೆ ಬಿಚ್ಚಬೇಕು.

ಧಾರವಾಡದ ಬಸ್ ಕಾರ್ಖಾನೆ, ಹುಬ್ಬಳ್ಳಿಯ ವಾಲ್ವ್ ಕಾರ್ಖಾನೆಗಳಂಥ ಕಡೆ ಸ್ಟೋರ್ಸ್, ಖರೀದಿ, ಪ್ಲ್ಯಾನಿಂಗ್ ವಿಭಾಗಗಳಿರುತ್ತವೆ. ಅಲ್ಲಿ ಸ್ಯಾಪ್ (ಖರೀದಿ, ದಾಸ್ತಾನು ನೋಡಿಕೊಳ್ಳುವ ಸಾಫ್ಟ್‌ವೇರ್) ಗೊತ್ತಿದ್ದರೆ ಒಳ್ಳೆಯದು, ಎಕ್ಸೆಲ್ ಬಾರದಿದ್ದರೆ ನಡೆಯುವುದೇ ಇಲ್ಲ. ಗದಗ ಕಡೆಯ ಗಾಳಿಯಂತ್ರಗಳ ರೆಕ್ಕೆ ಸಾಗಿಸುವುದು ಬೇರೆಯೇ ಕೆಲಸ: ಯಾವ ತಿರುವಿನಲ್ಲಿ ಟ್ರೇಲರ್ ಸಿಕ್ಕಿಕೊಂಡೀತು, ಯಾವ ತಂತಿ ಅಡ್ಡ ಬಂದೀತು ಎಂದು ಮೊದಲೇ ದಾರಿ ಅಳೆದು ಬರಬೇಕು.

ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ ಎಂದು ಈ ಡಿಗ್ರಿ ಆರಿಸಿಕೊಳ್ಳಬೇಡಿ. ಗೂಡ್ಸ್ ಟ್ರೇನ್ ಮ್ಯಾನೇಜರ್ (ಹಿಂದಿನ ಗೂಡ್ಸ್ ಗಾರ್ಡ್) ಹುದ್ದೆಯ ಪರೀಕ್ಷೆಗೆ ಯಾವ ಪದವಿಯಾದರೂ ಸಾಕು. ರಫ್ತು, ಕಸ್ಟಮ್ಸ್ ಕೆಲಸದ ಆಸೆಯಿದ್ದವರು ಜಿ-ಕಾರ್ಡ್ (ಕಸ್ಟಮ್ಸ್ ಬ್ರೋಕರ್ ಬಳಿ ಕೆಲಸ ಮಾಡುವವರ ಅರ್ಹತೆ) ಪರೀಕ್ಷೆಯ ಕಡೆ ನೋಡಲಿ. ಆದರೆ ಮಂಗಳೂರು, ಗೋವಾ, ಮುಂಬೈಗೆ ಹೋಗುವ ತಯಾರಿ ಇರಲಿ.

ಮೊದಲ ಎರಡು ವರ್ಷ ಸಂಬಳ ಕಡಿಮೆಯೇ. ಆ ಅವಧಿಯಲ್ಲಿ ಕಂಪ್ಯೂಟರ್ ಮುಂದೆ ಮಾತ್ರ ಕೂತವರಿಗಿಂತ, ಲೋಡಿಂಗ್ ಜಾಗದಲ್ಲಿ ನಿಂತು ಚೀಲ ಎಣಿಸಿದವರು ಬೇಗ ಮೇಲೆ ಬರುತ್ತಾರೆ. ಹೆಣ್ಣುಮಕ್ಕಳಿಗೂ ಇದೇ ಮಾತು. ಆದರೆ ರಾತ್ರಿ ಪಾಳಿ ಇದೆಯೇ, ಮನೆಗೆ ಗಾಡಿ ಕೊಡುತ್ತಾರೆಯೇ ಎಂದು ಸೇರುವ ಮುನ್ನ ಕೇಳಿ.

ಕಾಲೇಜಿಗೆ ಫೀ ಕಟ್ಟುವ ಮೊದಲು ಇನ್ನೊಂದು ವಿಚಾರಿಸಿ: ಅಪ್ರೆಂಟಿಸ್‌ಶಿಪ್ ಎಷ್ಟು ತಿಂಗಳು, ಯಾವ ಗೋದಾಮಿನಲ್ಲಿ? ಕಳೆದ ವರ್ಷ ಅಲ್ಲಿಗೆ ಹೋದ ಇಬ್ಬರು ವಿದ್ಯಾರ್ಥಿಗಳನ್ನು ಭೇಟಿ ಮಾಡಿಸಲು ಕೇಳಿ. ಹಿಂದೇಟು ಹಾಕಿದರೆ ಬೇರೆ ಕಾಲೇಜು ನೋಡಿ.