ಅಗಸಿ ಚಟ್ನಿ ಮತ್ತು ಝಳದ ಲೆಕ್ಕ: ಒಂಬತ್ತನೇ ವಾರ

ಮುಟ್ಟು ನಿಲ್ಲುವ ವಯಸ್ಸಿನ ಈ ಝಳಕ್ಕೆ ಅಡುಗೆಮನೆ ಮದ್ದು ಎಷ್ಟು ಕೆಲಸ ಮಾಡುತ್ತದೆ ಅಂತ ನನ್ನ ಮೈಮೇಲೇ ನೋಡಬೇಕು ಅನ್ನಿಸಿತ್ತು. ಜನವರಿಯಲ್ಲಿ ಶುರು ಮಾಡಿದೆ.

1–2ನೇ ವಾರ

ಮದ್ದು ಏನೂ ಇಲ್ಲ, ಬರೀ ಎಣಿಕೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ಝಳ ಬಂದಾಗೊಮ್ಮೆ ಒಂದು ಗೆರೆ. ಎದೆಯಿಂದ ಕಾವು ಏಳುತ್ತದೆ, ಕುತ್ತಿಗೆ, ಕಿವಿ, ನೆತ್ತಿ. ಎರಡು ಮೂರು ನಿಮಿಷ ಅಷ್ಟೇ. ಆಮೇಲೆ ಬೆವರು, ಅದರ ಹಿಂದೆಯೇ ಚಳಿ. ದಿನಕ್ಕೆ ಸುಮಾರು ಒಂಬತ್ತು, ಅದರಲ್ಲಿ ಮೂರು ರಾತ್ರಿ ಹೊತ್ತು. ಪುಣೆಯ ಜನವರಿ ಚಳಿಗೆ ಮನೆಯವರೆಲ್ಲ ರಗ್ಗು ಹೊದ್ದಿದ್ದರೆ ನಾನೊಬ್ಬಳೇ ಫ್ಯಾನ್ ಹಾಕಿಕೊಂಡು ಕೂತಿರುತ್ತಿದ್ದೆ.

ಡಾಕ್ಟರು ವಿವರಿಸಿದ್ದು ಇಷ್ಟು: ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಇಳಿದಾಗ, ಮೈಯ ಬಿಸಿ ನೋಡಿಕೊಳ್ಳುವ ಮೆದುಳಿನ ಭಾಗಕ್ಕೆ ಒಂದಿಷ್ಟು ಕಾವೂ ತಡೆಯುವುದಿಲ್ಲ. ಕೂಡಲೇ ಚರ್ಮದ ರಕ್ತನಾಳ ಹಿಗ್ಗಿಸಿ ಬೆವರಿಸಿಬಿಡುತ್ತದೆ.

3–8ನೇ ವಾರ

ಮಂಡಯಿಯಿಂದ, ಅಂದರೆ ಪುಣೆಯ ಮಾರ್ಕೆಟ್ಟಿನಿಂದ, ಅರ್ಧ ಕಿಲೋ ಅಗಸಿ ತಂದೆ. ಇಲ್ಲಿ ಜವಸ ಅಂತ ಕೇಳಬೇಕು. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿ. ಕಾಳು ಚಟಪಟ ಅಂದು ಒಂದೆರಡು ಹಾರಿದ ಕೂಡಲೇ ಇಳಿಸಬೇಕು. ಒಂದು ನಿಮಿಷ ತಡವಾದರೂ ಕಹಿ. ಆರಿದ ಮೇಲೆ ಬೆಳ್ಳುಳ್ಳಿ, ಜೀರಿಗೆ, ಹುಣಸೆ, ಉಪ್ಪು, ಒಣಮೆಣಸಿನಕಾಯಿ ಹಾಕಿ ತರಿತರಿ ಪುಡಿ. ಪುಡಿ ಮಾಡಲೇಬೇಕು, ಇಡೀ ಕಾಳು ಅರಗದೆ ಹಾಗೇ ಹೊರಗೆ ಹೋಗುತ್ತದೆ.

ಮೊದಲ ವಾರ ಒಂದು ತಪ್ಪು ಮಾಡಿದೆ. ಅವ್ವನ ಅಳತೆಯಲ್ಲೇ ಮೆಣಸಿನಕಾಯಿ ಹಾಕಿದೆ. ರೊಟ್ಟಿ ಜೊತೆ ಚಟ್ನಿ ತಿಂದು ಏಳುವಷ್ಟರಲ್ಲಿ ಝಳ! ಖಾರವೇ ಝಳ ಎಬ್ಬಿಸುತ್ತದಲ್ವಾ. ಮುಂದಿನ ಡಬ್ಬಿಗೆ ಕಾಲು ಭಾಗ ಮಾತ್ರ ಹಾಕಿದೆ. ಇನ್ನೊಂದು ಮಾತು, ನನ್ನಂತೆ ಥೈರಾಯ್ಡ್ ಮಾತ್ರೆ ತಗೊಳ್ಳುವವರು ಗಮನಿಸಿ. ನಾರು ಜಾಸ್ತಿ ಇರುವ ಕಾಳು ಮಾತ್ರೆಯನ್ನು ಮೈಗೆ ಸರಿಯಾಗಿ ಹತ್ತಗೊಡುವುದಿಲ್ಲ. ನಾನು ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಚಟ್ನಿ ಮಧ್ಯಾಹ್ನದ ಊಟಕ್ಕೆ ಅಂತ ಮಾಡಿಕೊಂಡೆ.

ದಿನಕ್ಕೆ ಎರಡು ದೊಡ್ಡ ಚಮಚ. ಆರು ವಾರಕ್ಕೆ ಒಂಬತ್ತು ಇದ್ದದ್ದು ಆರಕ್ಕೆ ಬಂತು. ಎಷ್ಟು ಖುಷಿಯಾಯ್ತು ಅಂದರೆ ಧಾರವಾಡಕ್ಕೆ ಫೋನ್ ಹಚ್ಚಿದೆ. ಅವ್ವ ಅಂದಳು, "ನಾ ಹುಟ್ಟಿದಾಗಿಂದ ಅಗಸಿ ತಿಂದೀನಿ, ನನಗೇನ್ ಝಳ ಬಿಟ್ಟಿತ್ತೇನವಾ?"

ಆ ಮಾತು ತಲೆಯಲ್ಲೇ ಉಳಿಯಿತು. ಹುಡುಕಿ ಓದಿದೆ. 2012ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ತಜ್ಞರ ಒಂದು ಪ್ರಯೋಗ ಪ್ರಕಟವಾಗಿದೆ. 188 ಹೆಂಗಸರು, ಆರೇ ವಾರ. ಒಂದು ಗುಂಪಿಗೆ ಅಗಸಿ ಹಾಕಿದ ತಿಂಡಿ, ಇನ್ನೊಂದಕ್ಕೆ ಅಗಸಿ ಇಲ್ಲದ್ದು. ಎರಡೂ ಗುಂಪಿನಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಝಳದ ಕಾಟ ಅರ್ಧಕ್ಕೆ ಇಳಿದಿತ್ತು. ಅಂದರೆ ಅಗಸಿ ತಿನ್ನದವರಿಗೂ! ನನ್ನ ಮೂರು ಗೆರೆ ಕಡಿಮೆಯಾದದ್ದು ಅಗಸಿಯಿಂದಲೋ, ಖಾರ ಬಿಟ್ಟದ್ದರಿಂದಲೋ, ಸುಮ್ನೆ ದಿನ ಕಳೆದದ್ದರಿಂದಲೋ?

ಈ ನಡುವೆ ಗೆಳತಿಯೊಬ್ಬಳು ಝಳಕ್ಕೆ ಅಂತ ಅಮೆರಿಕದಿಂದ ಬ್ಲ್ಯಾಕ್ ಕೋಹೋಶ್ ಮಾತ್ರೆ ತಂದುಕೊಟ್ಟಳು. ಅಲ್ಲಿನ ಕಾಡಿನ ಗಿಡವೊಂದರ ಬೇರು. ಕೆಲವರಿಗೆ ಲಿವರ್‌ಗೆ ತೊಂದರೆಯಾದ ವರದಿಗಳಿವೆ ಅಂದರು ಡಾಕ್ಟರು. ಸೀಸೆ ತೆರೆಯಲೇ ಇಲ್ಲ. ಗಿಡಮೂಲಿಕೆ ಅಂದ ಮಾತ್ರಕ್ಕೆ ಕೇಳದೆ ತಿನ್ನಬಾರದು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

9ನೇ ವಾರ

ಮಂಡಯಿಗೆ ವಾಳಾ ಬಂದಿದೆ, ನಮ್ಮ ಲಾವಂಚ. ಒಂದು ಕಟ್ಟು ತಂದೆ. ಮಡಿಕೆ ನೀರಿಗೆ ಹಾಕಿದರೆ ಮಳೆ ಬಿದ್ದ ಮಣ್ಣಿನ ವಾಸನೆ. ಆದರೆ ಒಂದು ಸಲಕ್ಕೆ ಒಂದೇ ಅಂತ ತೀರ್ಮಾನಿಸಿದ್ದೇನೆ, ಹಾಗಾಗಿ ಕಟ್ಟು ಇನ್ನೂ ಬಿಚ್ಚಿಲ್ಲ.

ಈಗಿನ ಕೆಲಸ ಅಗಸಿ ನಿಲ್ಲಿಸಿ ನಾಲ್ಕು ವಾರ ಎಣಿಸುವುದು. ಖಾರ ಈಗಿನಷ್ಟೇ ಕಡಿಮೆ ಇರುತ್ತದೆ. ಚಟ್ನಿ ಡಬ್ಬಿ ಮೇಲಿನ ಕಪಾಟಿಗೆ ಹೋಯಿತು. ಮೊದಲ ದಿನ ಆರು, ನಿನ್ನೆ ಐದು, ಇವತ್ತು ಸಂಜೆವರೆಗೆ ಆರು.